ಗೂಡಿನಿಂದ ಬಿದ್ದ ಗಿಡುಗನ ಮರಿ ಸಿಕ್ಕಿದೆ, ಪಳಗಿಸಬಹುದಾ?

ತೋಟದಮನೆ (ಹೊಸನಗರ ತಾಲ್ಲೂಕು) ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ, ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ನಿನ್ನೆ ಸಂಜೆ ನಮ್ಮ ಕಡೆ ಗಾಳಿಮಳೆ ಜೋರಾಗಿ ಬಂತು. ತೋಟದ ಮೇಲಿನ ಧರೆಯ ಅಂಚಿಗೆ ಒಂದು ಹಳೇ ಕಾಡುಮಾವಿನ ಮರ ಇದೆ, ಅದರ ದೊಡ್ಡ ಹರೆಯೊಂದು ಮುರಿದು ಬಿದ್ದಿತ್ತು. ಇವತ್ತು ಬೆಳಿಗ್ಗೆ ಅದನ್ನು ಕಡಿದು ಎಳೆಯಲು ಹೋದಾಗ ಬುಡದ ದರಕಿನ ಮೇಲೆ ಒಂದು ಮರಿ ಕೂತಿತ್ತು. ಪಾರಿವಾಳಕ್ಕಿಂತ ಸಣ್ಣದು. ಬೆನ್ನ ಮೇಲೆ ಕಂದು ಗರಿ ಬಂದಿದೆ, ತಲೆಯಲ್ಲಿ ಮಾತ್ರ ಇನ್ನೂ ಬಿಳಿ ತುಪ್ಪುಳ ಇದೆ. ಕೊಕ್ಕು ಬಗ್ಗಿದೆ, ಕಾಲು ಹಳದಿ. ಹತ್ತಿರ ಹೋದರೆ ಓಡಲಿಲ್ಲ, ಹಿಂದಕ್ಕೆ ವಾಲಿ ಎರಡೂ ಕಾಲು ಮುಂದೆ ಚಾಚಿ ಉಗುರು ತೋರಿಸಿತು. ಅಷ್ಟು ಸಣ್ಣ ಜೀವಕ್ಕೆ ಅಷ್ಟು ಧೈರ್ಯ ನೋಡಿ ನನಗೆ ಮೈ ಜುಮ್ಮೆಂದಿತು. ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ, ಈಗ ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ ಇದೆ. ಅಮ್ಮ ಹಾಲಿನಲ್ಲಿ ಬ್ರೆಡ್ ನೆನೆಸಿ ಕೊಟ್ಟರು, ತಿನ್ನಲಿಲ್ಲ.

ಅಜ್ಜಿ ಅಂತೂ ಬೆಳಿಗ್ಗೆಯಿಂದ ಒಂದೇ ಮಾತು ಹೇಳುತ್ತಿದ್ದಾರೆ, ಇದು ಕೋಳಿಮರಿ ಹೊತ್ತುಕೊಂಡು ಹೋಗುವ ಜಾತಿ, ಮನೆಯೊಳಗೆ ತರಬಾರದಿತ್ತು ಅಂತ. ಆದರೆ ನನಗೆ ಮನಸ್ಸು ಕೇಳುತ್ತಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಂಗಳದಲ್ಲೇ ಒಂದು ಗಿಡುಗ ಅಡಿಕೆ ಮರಗಳ ನಡುವೆ ನೆಲಕ್ಕೆ ತಾಗುವ ಹಾಗೆ ಹಾರಿ ಬಂದು ಪಿಕಳಾರವನ್ನು ಎತ್ತಿಕೊಂಡು ಹೋಗಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತಿನಿಂದ ನನಗೆ ಈ ಹಕ್ಕಿಗಳ ಹುಚ್ಚು. ನಮ್ಮ ಬಾವ ದುಬೈಯಲ್ಲಿದ್ದರು, ಅಲ್ಲಿ ಗಿಡುಗಕ್ಕೆ ಪಾಸ್‌ಪೋರ್ಟ್ ಕೂಡ ಇರುತ್ತದೆ, ವಿಮಾನದೊಳಗೆ ಜನರ ಜೊತೆಗೇ ಕೂರಿಸಿಕೊಂಡು ಹೋಗುತ್ತಾರೆ ಅಂತ ಹೇಳುತ್ತಿದ್ದರು. ಎರಡು ವರ್ಷದಿಂದ ಅಂಥ ವಿಡಿಯೋಗಳನ್ನೇ ನೋಡುತ್ತಿದ್ದೇನೆ. ಕೈಗವಸಿನ ಮೇಲೆ ಹಕ್ಕಿ ಬಂದು ಕೂರುವುದಿದೆಯಲ್ಲ, ಅದನ್ನು ಒಮ್ಮೆಯಾದರೂ ನನ್ನ ಕೈಯಲ್ಲಿ ನೋಡಬೇಕು ಅಂತ ಆಸೆ.

ಇದನ್ನು ಸಾಕಿ ಪಳಗಿಸಬಹುದಾ? ನಮ್ಮ ಕಡೆ ಹಿಂದೆ ಯಾರಾದರೂ ಈ ವಿದ್ಯೆ ಮಾಡುತ್ತಿದ್ದರಾ? ಮತ್ತೆ ಈಗ, ಈ ಹೊತ್ತಿಗೆ, ಏನು ತಿನ್ನಿಸಬೇಕು?


ಕಾನುಹಕ್ಕಿ (ಸಾಗರ) ಬರೆದದ್ದು:

ತಮ್ಮಾ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಹಾಲು, ಬ್ರೆಡ್, ಅನ್ನ ಯಾವುದನ್ನೂ ಕೊಡಬೇಡ. ಬಾಯಿಗೆ ನೀರು ಬಿಡಲೇಬೇಡ, ಅದು ಶ್ವಾಸಕ್ಕೆ ಹೋಗಿ ಮರಿ ಸಾಯುತ್ತದೆ. ಬುಟ್ಟಿಯಿಂದ ತೆಗೆದು ತೂತು ಮಾಡಿದ ರಟ್ಟಿನ ಪೆಟ್ಟಿಗೆಗೆ ಹಾಕು. ಬುಟ್ಟಿಯ ಸಂದಿಯಿಂದ ಬೆಳಕು ಬರುತ್ತದೆ, ಮರಿ ಹೊರಗೆ ನುಗ್ಗಲು ನೋಡುತ್ತದೆ, ಬಾಲದ ಗರಿ ಮುರಿಯುತ್ತದೆ. ಕೆಳಗೆ ಹಳೇ ಬಟ್ಟೆ ಹಾಸಿ ಕತ್ತಲೆಯಲ್ಲಿ, ಸದ್ದಿಲ್ಲದ ಕಡೆ ಇಡು. ನಾಯಿ ಬೆಕ್ಕು ಹತ್ತಿರ ಬರಬಾರದು. ಮಕ್ಕಳಿಗೆ ತೋರಿಸುವುದು, ಫೋಟೋ ತೆಗೆಯುವುದು ಈಗ ಬೇಡ.

ನೀನು ಬರೆದದ್ದು ನೋಡಿದರೆ ಅದು ಶಿಕ್ರಾ ಮರಿ. ನಮ್ಮ ತೋಟ, ಗದ್ದೆ ಬದಿಯಲ್ಲೆಲ್ಲ ಇರುವ ಸಣ್ಣ ಗಿಡುಗ, ದೊಡ್ಡದಾದರೂ 150 ಗ್ರಾಂ ಆಸುಪಾಸು ತೂಗುತ್ತದೆ, ಹೆಣ್ಣು ಸ್ವಲ್ಪ ಜಾಸ್ತಿ. ಕಾಜಾಣ ಅಟ್ಟಿಸಿಕೊಂಡು ಹೋಗುತ್ತದಲ್ಲ, ಅದೇ. ಅದರ ಕೂಗನ್ನು ಕಾಜಾಣ ಎಷ್ಟು ಚೆನ್ನಾಗಿ ಅನುಕರಿಸುತ್ತದೆ ಅಂದರೆ ನಾನೇ ಎಷ್ಟೋ ಸಲ ತಲೆ ಎತ್ತಿ ಮರ ಎಲ್ಲ ಹುಡುಕಿದ್ದೇನೆ. ಓತಿಕ್ಯಾತ, ದೊಡ್ಡ ಮಿಡತೆ, ಇಲಿ, ಸಣ್ಣ ಹಕ್ಕಿ, ಇವು ಅದರ ಊಟ. ಕೋಳಿಮರಿಯನ್ನೂ ಒಮ್ಮೊಮ್ಮೆ ಒಯ್ಯುತ್ತದೆ, ಅಜ್ಜಿ ಹೇಳಿದ್ದು ಸುಳ್ಳಲ್ಲ.

ಸಾಕುವ ವಿಷಯ. ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಗಿಡುಗ, ಡೇಗೆಯಂಥ ಬೇಟೆಹಕ್ಕಿ ಎಲ್ಲ ಬರುತ್ತವೆ, ಹುಲಿ ಆನೆ ಇರುವ ಪಟ್ಟಿಯೇ. ಈ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ, ಹಿಡಿಯುವುದೂ ಬೇಟೆಯೇ. ಶಿಕ್ಷೆ 3 ವರ್ಷದಿಂದ 7 ವರ್ಷ ಜೈಲು. ಬಿದ್ದ ಮರಿಯನ್ನು ಎತ್ತಿ ಕಾಪಾಡಿದ್ದಕ್ಕೆ ಯಾರೂ ನಿನ್ನನ್ನು ಹಿಡಿದುಕೊಂಡು ಹೋಗುವುದಿಲ್ಲ, ಹೆದರಬೇಡ. ಆದರೆ ಕೈಗೆ ಬಂದ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸ್ ಠಾಣೆಗೋ ತಿಳಿಸಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಇವತ್ತೇ ನಿಮ್ಮ ವಲಯ ಅರಣ್ಯ ಕಚೇರಿಗೆ ಫೋನ್ ಮಾಡು.

ಫೋನಿನಲ್ಲಿ ಅವರಿಗೆ ಇದನ್ನೂ ಹೇಳು, ಮರಿಗೆ ಗಾಯ ಇಲ್ಲದಿದ್ದರೆ ಅದೇ ಮರಕ್ಕೆ ವಾಪಸ್ ಇಡುವುದೇ ಒಳ್ಳೆಯದು ಅಂತ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಅದು ನಿಜವಲ್ಲ. ತಂದೆ ತಾಯಿ ಹಕ್ಕಿಗಳು ಅಲ್ಲೇ ಸುತ್ತಮುತ್ತ ಇರುತ್ತವೆ, ಮರಿಯ ಕೂಗು ಕೇಳಿದರೆ ಬಂದೇ ಬರುತ್ತವೆ. ರೆಕ್ಕೆ ಎರಡೂ ಒಂದೇ ಸಮ ಇದೆಯಾ, ಎರಡು ಕಾಲ ಮೇಲೆ ನಿಲ್ಲುತ್ತದಾ, ರಕ್ತ ಇದೆಯಾ, ಇಷ್ಟು ನೋಡಿ ಬರೆ.


ಮರಳುಗಾಡಿಂದ ಮಲೆನಾಡಿಗೆ (ತೀರ್ಥಹಳ್ಳಿ) ಬರೆದದ್ದು:

ಅಕ್ಕ ಹೇಳಿದ್ದು ಸರಿ, ಅದನ್ನು ಮೊದಲು ಮಾಡು. ನಾನು ಬರೆಯುವುದು ನಿನ್ನ ಆಸೆಯ ವಿಷಯಕ್ಕೆ. ಅಬುಧಾಬಿಯಲ್ಲಿ 11 ವರ್ಷ ಒಬ್ಬರ ಮನೆಯ ಹಕ್ಕಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ವಿಡಿಯೋದಲ್ಲಿ ಕಾಣುವುದು ಹತ್ತರಲ್ಲಿ ಒಂದು ಭಾಗ, ಉಳಿದ ಒಂಬತ್ತು ಭಾಗ ಬೇರೆಯೇ ಇದೆ ಮಾರಾಯಾ.

ಮೊದಲನೆಯದಾಗಿ ಗಿಡುಗ ನಾಯಿ ತರಹ ಅಲ್ಲ. ನಾಯಿಗೆ ಒಡೆಯನನ್ನು ಮೆಚ್ಚಿಸಬೇಕು ಅಂತ ಇರುತ್ತದೆ. ಗಿಡುಗಕ್ಕೆ ಅದಿಲ್ಲ. ಬೈದರೆ, ಹೊಡೆದರೆ ಅವತ್ತಿಗೆ ಮುಗಿಯಿತು, ಮತ್ತೆ ಯಾವತ್ತೂ ನಂಬುವುದಿಲ್ಲ. ನಿನ್ನ ಕೈಯಲ್ಲಿ ಊಟ ಇದೆ, ನಿನ್ನ ಹತ್ತಿರ ಬಂದರೆ ಅಪಾಯ ಇಲ್ಲ, ಇವೆರಡು ಗೊತ್ತಿರುವುದರಿಂದ ಅದು ಬರುತ್ತದೆ, ಅಷ್ಟೇ. ಹಗ್ಗ ಬಿಚ್ಚಿ ಹಾರಿಸಿದ ಪ್ರತಿ ದಿನವೂ ಅದು ಹೋಗಿಬಿಡಬಹುದು. ಹೋಗದೆ ವಾಪಸ್ ಬರುತ್ತದಲ್ಲ, ಆ ಕ್ಷಣಕ್ಕೋಸ್ಕರ ಅಲ್ಲಿಯ ಜನ ಜೀವ ಬಿಡುತ್ತಾರೆ. ನನಗೂ 11 ವರ್ಷ ಆದಮೇಲೂ ಎದೆ ಹೊಡೆದುಕೊಳ್ಳುತ್ತಿತ್ತು.

ಶುರುವಿನಲ್ಲಿ ಹಕ್ಕಿಯ ತಲೆಗೆ ಚರ್ಮದ ಟೊಪ್ಪಿ ಹಾಕುತ್ತಾರೆ. ಅಲ್ಲಿ ಅದಕ್ಕೆ ಬುರ್ಕಾ ಅಂತಲೇ ಹೆಸರು. ಕಣ್ಣಿಗೆ ಕಾಣದಿದ್ದರೆ ಹಕ್ಕಿ ಶಾಂತವಾಗುತ್ತದೆ. ಮೊದಲ ವಾರ ಸುಮ್ನೆ ಕೈಮೇಲೆ ಕೂರಿಸಿಕೊಂಡು ಇರುವುದೇ ಕೆಲಸ, ಅತಿಥಿಗಳು ಕೂರುವ ಮಜ್ಲಿಸ್‌ನಲ್ಲಿ ಜನರ ಮಾತಿನ ನಡುವೆ, ರಾತ್ರಿ ಎಷ್ಟೋ ಹೊತ್ತಿನವರೆಗೆ. ಆಮೇಲೆ ಟೊಪ್ಪಿ ತೆಗೆದು ಕೈಮೇಲೆ ಮಾಂಸ ತಿನ್ನಿಸುವುದು. ಕೈಮೇಲೆ ತಲೆ ತಗ್ಗಿಸಿ ತಿಂದಿತು ಅಂದರೆ ಅರ್ಧ ಗೆದ್ದ ಹಾಗೆ, ಯಾಕೆಂದರೆ ತಲೆ ತಗ್ಗಿಸಿದಾಗ ಅದು ನಿನ್ನ ಮೇಲಿನ ಕಣ್ಣು ತೆಗೆಯುತ್ತದೆ. ನಂತರ ಒಂದು ಗೇಣು ದೂರದಿಂದ ಕೈಗೆ ಹಾರುವುದು, ನಂತರ ಒಂದು ಮಾರು, ನಂತರ ಉದ್ದ ದಾರ ಕಟ್ಟಿ ಅಂಗಳದಷ್ಟು ದೂರ. ಹಕ್ಕಿಯ ರೆಕ್ಕೆಗಳನ್ನು ಕಟ್ಟಿ ಮಾಡಿದ ತಿಲ್ವಾ ಅಂತ ಒಂದು ಇರುತ್ತದೆ, ದಾರದ ತುದಿಯಲ್ಲಿ ಗಿರಗಿರ ತಿರುಗಿಸುತ್ತಾರೆ, ಅದನ್ನು ಬೇಟೆ ಅಂತ ತಿಳಿದು ಗಿಡುಗ ಎರಗುತ್ತದೆ. ಇವತ್ತು ಅಲ್ಲಿ ಜಾಸ್ತಿ ನಡೆಯುವುದು ಬೇಟೆಯಲ್ಲ, ಓಟ. 400 ಮೀಟರ್ ದೂರದಲ್ಲಿ ತಿಲ್ವಾ ಬೀಸುತ್ತಾರೆ, ಯಾರ ಹಕ್ಕಿ ಬೇಗ ಮುಟ್ಟಿತು ಅಂತ ಗಡಿಯಾರ ಹಿಡಿದು ನೋಡುತ್ತಾರೆ.

ಎಲ್ಲದಕ್ಕಿಂತ ಮುಖ್ಯ ತಕ್ಕಡಿ. ದಿನಾ ಬೆಳಿಗ್ಗೆ ತೂಕ ಹಾಕಿ ಬರೆದಿಡಬೇಕು. ತೂಕ ಜಾಸ್ತಿ ಆದರೆ ಹೊಟ್ಟೆ ತುಂಬಿದೆ ಅಂತ ಅರ್ಥ, ಹಾರಿಸಿದರೆ ಯಾವುದೋ ಮರದ ಮೇಲೆ ಕೂತು ನಿನ್ನನ್ನು ನೋಡುತ್ತಾ ಇರುತ್ತದೆ, ಬರುವುದಿಲ್ಲ. ಕಡಿಮೆ ಆದರೆ ಶಕ್ತಿ ಹೋಗುತ್ತದೆ, ಕಾಯಿಲೆ ಬೀಳುತ್ತದೆ. ಒಂದು ಕಿಲೋ ಹತ್ತಿರದ ಹಕ್ಕಿಗೆ 20 ಗ್ರಾಂ ಆಚೆ ಈಚೆ ಆದರೂ ಗೊತ್ತಾಗುತ್ತದೆ. ಶಿಕ್ರಾದಂಥ 150 ಗ್ರಾಂ ಹಕ್ಕಿಗೆ ಎರಡು ಮೂರು ಗ್ರಾಂ ಕೂಡ ದೊಡ್ಡ ವ್ಯತ್ಯಾಸ. ನಮ್ಮಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗ ತಕ್ಕಡಿ ಸೊನ್ನೆಗೆ ತಂದುಕೊಳ್ಳದೆ ನಾಲ್ಕು ದಿನ ತೂಕ ಹಾಕಿದ, ಹಕ್ಕಿ ತೂಕ ಇದೆ ಅಂತ ತಿಳಿದು ಊಟ ಕಡಿಮೆ ಮಾಡುತ್ತಾ ಬಂದ. ಐದನೇ ದಿನ ಬೆಳಿಗ್ಗೆ ನೋಡಿದರೆ ಹಕ್ಕಿ ಕೂರುವ ಗೂಟದ ಕೆಳಗೆ ಬಿದ್ದಿತ್ತು. ಆಸ್ಪತ್ರೆಗೆ ಓಡಿದೆವು, ಉಳಿಯಲಿಲ್ಲ. ಆ ಹುಡುಗ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಪಕ್ಕದಲ್ಲೇ ಇದ್ದವನು, ಒಮ್ಮೆ ತಕ್ಕಡಿ ನೋಡಿದ್ದರೆ ಆಗುತ್ತಿತ್ತು. ಈಗಲೂ ಅದು ಮನಸ್ಸಿನಲ್ಲಿದೆ.

ಅಲ್ಲಿ ಗಿಡುಗಗಳಿಗೇ ದೊಡ್ಡ ಆಸ್ಪತ್ರೆ ಇದೆ, ಅಬುಧಾಬಿಯಲ್ಲಿ 1999ರಲ್ಲಿ ಶುರುವಾದದ್ದು. ಮುರಿದ ಗರಿಗೆ ಹಳೇ ಉದುರಿದ ಗರಿಯನ್ನು ಒಳಗೆ ಸಣ್ಣ ಕಡ್ಡಿ ಕೊಟ್ಟು ಅಂಟಿಸುತ್ತಾರೆ. ನೂರಾರು ವರ್ಷದ ಹಿಂದಿನ ಉಪಾಯವೇ, ಈಗಲೂ ಅದೇ. ಬೆನ್ನಿಗೋ ಬಾಲಕ್ಕೋ ಸಣ್ಣ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ, ಕಳೆದುಹೋದರೆ ಜೀಪಿನಲ್ಲಿ ಹುಡುಕಿಕೊಂಡು ಹೋಗಬಹುದು. ಪಾಸ್‌ಪೋರ್ಟ್ ವಿಷಯ ನಿಮ್ಮ ಬಾವ ಹೇಳಿದ್ದು ನಿಜ, ಆದರೆ ಅದು ಶೋಕಿಗೆ ಅಲ್ಲ. ಕಾಡಿನಿಂದ ಹಿಡಿದ ಹಕ್ಕಿಯನ್ನು ಕದ್ದು ಮಾರಬಾರದು ಅಂತ, ಪ್ರತಿ ಹಕ್ಕಿಯ ಕಾಲಿಗೆ ಉಂಗುರ, ಅದರ ನಂಬರು ಪುಸ್ತಕದಲ್ಲಿ. ಈಗ ಅಲ್ಲಿ ಹಾರಿಸುವವು ಹೆಚ್ಚಿನವು ಫಾರ್ಮಿನಲ್ಲೇ ಹುಟ್ಟಿ ಬೆಳೆದವು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಗೂಡಿನಿಂದ ಬಿದ್ದ ಮರಿಯನ್ನು ಕೈಯಲ್ಲಿ ತಿನ್ನಿಸಿ ಬೆಳೆಸಿದರೆ ಅದು ನಿನ್ನನ್ನೇ ತಾಯಿ ಅಂದುಕೊಳ್ಳುತ್ತದೆ. ಕೇಳಲು ಚೆಂದ. ಆದರೆ ಬೆಳಗಿನಿಂದ ರಾತ್ರಿವರೆಗೆ ಕಿರುಚುತ್ತದೆ, ಮನುಷ್ಯರ ಹೆದರಿಕೆ ಇರುವುದಿಲ್ಲ, ಮುಖಕ್ಕೇ ಎರಗುತ್ತದೆ, ಆಮೇಲೆ ಕಾಡಿಗೆ ಬಿಟ್ಟರೆ ಬದುಕುವುದಿಲ್ಲ. ಮೂಳೆ ಇಲ್ಲದ ಬರೀ ಮಾಂಸ ಕೊಟ್ಟರೆ ಕಾಲಿನ ಎಲುಬು ಸೊಟ್ಟಗಾಗುತ್ತದೆ. ಹೀಗಾದ ಹಕ್ಕಿಗಳನ್ನು ನೋಡಿದ್ದೇನೆ. ನೋಡಲಾಗುವುದಿಲ್ಲ.


ಗದ್ದೆಬಯಲು (ಸೊರಬ) ಬರೆದದ್ದು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಬೇಡಿ. ಹೊರದೇಶದಲ್ಲಿ ಗಿಡುಗ ಹಾರಿಸಿ ಪಾರಿವಾಳ ಓಡಿಸುತ್ತಾರಂತೆ. ನಮ್ಮಲ್ಲಿ ಭತ್ತಕ್ಕೆ ಗಿಳಿ, ನವಿಲು, ತೋಟಕ್ಕೆ ಮಂಗ. ಮಂಗನ ಕಾಟಕ್ಕೆ ಎರಡು ವರ್ಷದಿಂದ ಬಾಳೆಗೊನೆ ಮನೆಗೆ ತಂದಿಲ್ಲ. ಸರ್ಕಾರವೇ ಇಂಥದ್ದು ಮಾಡಬಾರದಾ?


ಮರಳುಗಾಡಿಂದ ಮಲೆನಾಡಿಗೆ ಬರೆದದ್ದು:

ನಿಮ್ಮ ಕಷ್ಟ ನಮಗೂ ಇದೆ. ಲಂಡನ್ನಿನ ವಿಂಬಲ್ಡನ್ ಟೆನಿಸ್ ಮೈದಾನದಲ್ಲಿ ರೂಫಸ್ ಅಂತ ಒಂದು ಹ್ಯಾರಿಸ್ ಗಿಡುಗ ಇತ್ತು, ಪಾರಿವಾಳ ಓಡಿಸಲು. ವಿಮಾನ ನಿಲ್ದಾಣಗಳಲ್ಲೂ, ದ್ರಾಕ್ಷಿ ತೋಟಗಳಲ್ಲೂ ಹಾರಿಸುತ್ತಾರೆ. ಅದು ಅಮೆರಿಕ ಖಂಡದ ಹಕ್ಕಿ, ಕಾಡಿನಲ್ಲೂ ಗುಂಪಾಗಿ ಬೇಟೆ ಆಡುತ್ತದೆ, ಹಾಗಾಗಿ ಮನುಷ್ಯನ ಜೊತೆ ಬೇಗ ಹೊಂದಿಕೊಳ್ಳುತ್ತದೆ. ಆದರೆ ಗಿಡುಗವನ್ನು ಒಮ್ಮೆ ಹಾರಿಸಿ ಬಿಟ್ಟರೆ ಆಗುವ ಕೆಲಸ ಅಲ್ಲ, ಮತ್ತೆ ಮತ್ತೆ ಹಾರಿಸುತ್ತಲೇ ಇರಬೇಕು, ಅದಕ್ಕೇ ಒಬ್ಬ ಆಳು ಬೇಕು. ಮಂಗನಿಗಂತೂ ಇದು ಮದ್ದಲ್ಲ. ಐದಾರು ಕಿಲೋ ತೂಗುವ ಗಂಡು ಮಂಗ, ಅದರ ಹಿಂದೆ ಇಡೀ ಗುಂಪು. ಯಾವ ಗಿಡುಗವೂ ಅದರ ತಂಟೆಗೆ ಹೋಗುವುದಿಲ್ಲ, ಹೋದರೆ ಹಕ್ಕಿಗೇ ಅಪಾಯ.


ಬಳ್ಳಿಗಾವಿ ಮೇಷ್ಟ್ರು (ಶಿಕಾರಿಪುರ) ಬರೆದದ್ದು:

ಹುಡುಗ ಕೇಳಿದ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತಲ್ಲ, ನಮ್ಮ ಕಡೆ ಹಿಂದೆ ಇದು ಇತ್ತಾ ಅಂತ. ಇತ್ತು. ಚೆನ್ನಾಗಿಯೇ ಇತ್ತು. ಇದನ್ನು ಹೇಳಲು ನನಗೆ ತುಂಬಾ ಖುಷಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸ ಅನ್ನುವ ಸಂಸ್ಕೃತ ಗ್ರಂಥ ಬರೆಸಿದ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ಅಡುಗೆ, ಆನೆ, ಸಂಗೀತ, ಮೀನು ಹಿಡಿಯುವುದು, ಏನುಂಟು ಏನಿಲ್ಲ. ಅದರಲ್ಲಿ ರಾಜನ ವಿನೋದಗಳ ಭಾಗದಲ್ಲಿ ಶ್ಯೇನ ವಿನೋದ ಅಂತ ಒಂದಿದೆ. ಶ್ಯೇನ ಅಂದರೆ ಗಿಡುಗ. ಆಗ ನಮ್ಮ ಈ ಸೀಮೆ ಬನವಾಸಿ ಹನ್ನೆರಡು ಸಾವಿರ ಅಂತ ಅದೇ ಚಾಲುಕ್ಯರ ಕೈಕೆಳಗೆ ಇತ್ತು, ಅದರ ದೊಡ್ಡ ಕೇಂದ್ರ ನಮ್ಮ ಬಳ್ಳಿಗಾವಿ. ಯುರೋಪಿನವರು ಗಿಡುಗ ಬೇಟೆ ಅಂದರೆ ಮೊದಲು ಎರಡನೇ ಫ್ರೆಡರಿಕ್ ಚಕ್ರವರ್ತಿಯ ಹೆಸರು ಹೇಳುತ್ತಾರೆ. ಅವನು ಬರೆದ ಗ್ರಂಥ ಬಹಳ ದೊಡ್ಡದು, ಗೌರವ ಕೊಡಬೇಕಾದ್ದೇ, ಆದರೆ ಅದು 1240ರ ದಶಕದ್ದು. ನಮ್ಮದು ಅದಕ್ಕಿಂತ 100 ವರ್ಷ ಮೊದಲು.

ಫ್ರೆಡರಿಕ್‌ನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಅರಬ್ಬರಿಂದ ಗಿಡುಗ ಪಳಗಿಸುವವರನ್ನು ಕರೆಸಿ ಕಲಿತ, ಅರಬ್ಬೀ ಗ್ರಂಥವನ್ನು ಲ್ಯಾಟಿನ್‌ಗೆ ಮಾಡಿಸಿದ, ಮೇಲೆ ಹೇಳಿದ ಚರ್ಮದ ಟೊಪ್ಪಿಯನ್ನು ಅವರಿಂದಲೇ ತೆಗೆದುಕೊಂಡ. ರಣಹದ್ದು ಊಟವನ್ನು ಕಣ್ಣಿಂದ ಹುಡುಕುತ್ತದೋ ಮೂಗಿಂದಲೋ ಅಂತ ತಾನೇ ಪರೀಕ್ಷೆ ಮಾಡಿ ನೋಡಿದ. ಹಿಂದಿನವರು ಹೇಳಿದ್ದಾರೆ ಅಂತ ಒಪ್ಪುವವನಲ್ಲ. 1248ರಲ್ಲಿ ಇಟಲಿಯ ಪಾರ್ಮಾ ನಗರಕ್ಕೆ ಮುತ್ತಿಗೆ ಹಾಕಿದ್ದ, ಒಂದು ದಿನ ಹಕ್ಕಿ ಬೇಟೆಗೆ ಹೊರಟ, ಅವನು ಆಚೆ ಹೋದ ಹೊತ್ತು ನೋಡಿ ನಗರದವರು ನುಗ್ಗಿ ಅವನ ಶಿಬಿರವನ್ನೇ ಲೂಟಿ ಮಾಡಿದರು.

ಇನ್ನು ನಮ್ಮ ಭಾಷೆ. ಗಿಡುಗ, ಡೇಗೆ, ಸಾಳುವ, ಇಷ್ಟು ಹೆಸರು ನಮ್ಮಲ್ಲಿವೆ. ಸಾಳುವ ಅಂದರೆ ಬೇಟೆಯ ಗಿಡುಗ. ವಿಜಯನಗರ ಆಳಿದ ಸಾಳುವ ನರಸಿಂಹ ಇದ್ದಾನಲ್ಲ, 1485ರಲ್ಲಿ ಪಟ್ಟಕ್ಕೆ ಬಂದವನು, ಆ ಮನೆತನದ ಹೆಸರು ಅದೇ ಹಕ್ಕಿಯಿಂದ ಬಂದದ್ದು. ಶತ್ರುಗಳ ಮೇಲೆ ಗಿಡುಗನ ಹಾಗೆ ಎರಗುವವನು ಅಂತ ಬಿರುದು, ಅದೇ ವಂಶದ ಹೆಸರಾಯಿತು. ನಮ್ಮ ಜೋಗದ ಕೆಳಗಿನ ಗೇರುಸೊಪ್ಪೆಯನ್ನು ಆಳಿದವರೂ ಸಾಳುವರೇ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಮನೆತನ. ಒಂದು ಹಕ್ಕಿಯ ಹೆಸರನ್ನು ಮನೆತನವೇ ಹೊತ್ತುಕೊಳ್ಳಬೇಕಾದರೆ ಆ ಹಕ್ಕಿ ಜನರ ಕಣ್ಣಲ್ಲಿ ಎಷ್ಟು ದೊಡ್ಡದಿದ್ದಿರಬೇಕು ಯೋಚನೆ ಮಾಡಿ. ಈಗ ಸಾಳುವ ಅಂದರೆ ಮಕ್ಕಳಿಗೆ ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಗೊತ್ತು, ಹಕ್ಕಿ ಅಂತ ಗೊತ್ತೇ ಇಲ್ಲ. ಪಾಠ ಮಾಡುವಾಗ ನನಗೆ ಇದು ಬಹಳ ನೋವು ಕೊಡುತ್ತದೆ.

ಶಿಕ್ರಾ ಅನ್ನುವುದು ಶಿಕಾರಿ ಪದದ ಬಳಗದ್ದು. ನಮ್ಮ ಶಿಕಾರಿಪುರಕ್ಕೂ ಇಲ್ಲಿ ಶಿಕಾರಿ ಜಾಸ್ತಿ ಸಿಗುತ್ತಿತ್ತು ಅಂತಲೇ ಆ ಹೆಸರು ಬಂತು ಅಂತ ಹೇಳುತ್ತಾರೆ. ಉತ್ತರದಲ್ಲಿ ಮೊಘಲರ ಕಾಲದಲ್ಲಿ ಈ ವಿದ್ಯೆ ಬಹಳ ಮೇಲೆ ಹೋಯಿತು. ಕುಮಾವೂಂ ಬೆಟ್ಟದ ರಾಜ ರುದ್ರದೇವ ಸಂಸ್ಕೃತದಲ್ಲಿ ಇಡೀ ಶಾಸ್ತ್ರವನ್ನೇ ಬರೆದ, ಅದನ್ನು ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದರು. ಕೋವಿ ಬಂದ ಮೇಲೆ ಎಲ್ಲ ಕಡೆ ಇಳಿಯಿತು. ತಿಂಗಳುಗಟ್ಟಲೆ ಹಕ್ಕಿ ಪಳಗಿಸುವ ತಾಳ್ಮೆ ಯಾರಿಗೆ ಬೇಕು, ಕೋವಿಯ ಕುದುರೆ ಎಳೆದರೆ ಆಯಿತು. ಅರಮನೆಗಳು ಇರುವವರೆಗೆ ಅಲ್ಲಲ್ಲಿ ಉಳಿದಿತ್ತು. ಗುಜರಾತಿನ ಭಾವನಗರದ ಧರ್ಮಕುಮಾರಸಿಂಹಜಿ ಇದನ್ನು ಬಲ್ಲ ಕೊನೆಯವರಲ್ಲಿ ಒಬ್ಬರು. ದೊಡ್ಡ ಪಕ್ಷಿತಜ್ಞರೂ ಹೌದು.


ತೋಟದಮನೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಮರಿಯನ್ನು ಪೆಟ್ಟಿಗೆಗೆ ಹಾಕಿದೆ. ರೆಕ್ಕೆ ಎರಡೂ ಸಮ ಇದೆ, ನಿಲ್ಲುತ್ತದೆ, ರಕ್ತ ಇಲ್ಲ. ಅರಣ್ಯ ಕಚೇರಿಗೆ ಫೋನ್ ಮಾಡಿದೆ, ನಾಳೆ ಬೆಳಿಗ್ಗೆ ಒಬ್ಬರು ಗಾರ್ಡ್ ಬರುತ್ತಾರಂತೆ.

ಆದರೆ ಒಂದು ಮಾತು ಕೇಳಲೇ? ಮೇಷ್ಟ್ರು ಬರೆದದ್ದು ಓದಿ ಹೊಟ್ಟೆ ಉರಿಯಿತು. 900 ವರ್ಷದ ಹಿಂದೆ ನಮ್ಮಲ್ಲಿದ್ದ ವಿದ್ಯೆ. ಯುನೆಸ್ಕೋ ಅದನ್ನು 2010ರಲ್ಲಿ ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿದೆ, 2021ಕ್ಕೆ 24 ದೇಶ ಆಗಿವೆ, ಪಾಕಿಸ್ತಾನ ಕೂಡ ಇದೆ, ನಾವಿಲ್ಲ. ಕಾನೂನು ಇದೆ ಅಂತ ಪೂರ್ತಿ ಬಿಟ್ಟುಬಿಟ್ಟರೆ ಕಲಿಯುವುದು ಹೇಗೆ? ನಾನೇನು ಹಕ್ಕಿಯನ್ನು ಮಾರುತ್ತೇನಾ, ಕೊಲ್ಲುತ್ತೇನಾ? ಇಷ್ಟ ಇರುವವನಿಗೂ ಮುಟ್ಟಬಾರದು ಅಂದರೆ ಹೇಗೆ ಅಕ್ಕಾ?


ಕಾನುಹಕ್ಕಿ ಬರೆದದ್ದು:

ನಿನ್ನ ಪ್ರಶ್ನೆ ನ್ಯಾಯವಾದದ್ದೇ. ಸುಮ್ನೆ ಕಾನೂನು ಅಂತ ಬಾಯಿ ಮುಚ್ಚಿಸುವುದಿಲ್ಲ.

ಇಷ್ಟ ಇರುವವನು ಒಬ್ಬನಾದರೆ ಪರವಾಗಿಲ್ಲ. ಆದರೆ ಇಷ್ಟದ ಹಿಂದೆ ಬೆಲೆ ಬರುತ್ತದೆ, ಬೆಲೆಯ ಹಿಂದೆ ಬಲೆ ಬರುತ್ತದೆ. ಮಧ್ಯ ಏಷ್ಯಾದ ಸೇಕರ್ ಅನ್ನುವ ದೊಡ್ಡ ಡೇಗೆಗೆ ಆದದ್ದು ಅದೇ. ಬೇಟೆಗೆ ಅಂತ ಹಿಡಿದು ಹಿಡಿದು, ಜೊತೆಗೆ ವಿದ್ಯುತ್ ಕಂಬದ ಶಾಕ್ ಹೊಡೆದು, ಇವತ್ತು ಅದು ಅಳಿವಿನ ಅಂಚಿಗೆ ಬಂದ ಹಕ್ಕಿ. ನಮ್ಮ ಪಶ್ಚಿಮ ಘಟ್ಟದ ಬಂಡೆಗಳಲ್ಲಿ ಗೂಡು ಮಾಡುವ ಶಾಹೀನ್ ಇದೆಯಲ್ಲ, ಹೊಟ್ಟೆ ಕೆಂಪು, ತಲೆ ಕಪ್ಪು, ಅದರ ಗೂಡು ಎಲ್ಲಿದೆ ಅಂತ ನಾವು ಹಕ್ಕಿ ನೋಡುವವರು ಒಬ್ಬರಿಗೊಬ್ಬರು ಕೂಡ ಬರೆಯುವುದಿಲ್ಲ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಆದರೆ ಈ ವಿದ್ಯೆ ಸತ್ತಿಲ್ಲ ತಮ್ಮಾ, ಬೇರೆ ಕೆಲಸಕ್ಕೆ ಬಂದಿದೆ. ಈ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಬರೆಯುತ್ತೇನೆ.

ಪೆರಿಗ್ರಿನ್ ಅಂತ ಒಂದು ಡೇಗೆ ಇದೆ, ನಮ್ಮ ಶಾಹೀನ್ ಅದರದೇ ಒಂದು ಬಗೆ. ಮೇಲಿನಿಂದ ಬೇಟೆಯ ಮೇಲೆ ಬೀಳುವಾಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲ್ಲ ಕಡೆ ಡಿಡಿಟಿ ಹೊಡೆದರು. ಹುಳ ತಿಂದ ಹಕ್ಕಿ, ಆ ಹಕ್ಕಿಯನ್ನು ತಿಂದ ಪೆರಿಗ್ರಿನ್, ಹೀಗೆ ವಿಷ ಸೇರುತ್ತಾ ಹೋಯಿತು. ಮೊಟ್ಟೆಯ ಚಿಪ್ಪು ಎಷ್ಟು ತೆಳ್ಳಗಾಯಿತು ಅಂದರೆ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1960ರ ದಶಕದ ನಡುವಿಗೆ ಅಮೆರಿಕದ ಮಿಸಿಸಿಪಿ ನದಿಯಿಂದ ಪೂರ್ವಕ್ಕೆ ಗೂಡು ಕಟ್ಟುವ ಪೆರಿಗ್ರಿನ್ ಒಂದೂ ಉಳಿಯಲಿಲ್ಲ. ಆಗ ಮುಂದೆ ಬಂದವರು ಯಾರು ಅಂದುಕೊಂಡೆ? ಗಿಡುಗ ಹಾರಿಸುವವರು. ಟಾಮ್ ಕೇಡ್ ಅಂತ ಪ್ರಾಧ್ಯಾಪಕರು, ಅವರೂ ಗಿಡುಗ ಸಾಕಿದವರೇ, 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪೆರಿಗ್ರಿನ್ ಫಂಡ್ ಶುರು ಮಾಡಿದರು. ಹವ್ಯಾಸಿಗಳು ತಮ್ಮ ಮನೆಯಲ್ಲಿದ್ದ ಹಕ್ಕಿಗಳನ್ನು ಮರಿ ಮಾಡಿಸಲು ತಂದುಕೊಟ್ಟರು. ಮರಿ ಆಯಿತು, ಆದರೆ ಬೇಟೆ ಕಲಿಸಲು ಕಾಡಿನಲ್ಲಿ ತಂದೆ ತಾಯಿ ಇಲ್ಲವಲ್ಲ. ಅದಕ್ಕೆ ನೂರಾರು ವರ್ಷದ ಹಳೇ ಉಪಾಯ ಒಂದು ಗಿಡುಗದವರ ಕೈಯಲ್ಲಿತ್ತು. ಐದಾರು ವಾರದ ಮರಿಗಳನ್ನು ಎತ್ತರದ ಬಂಡೆಯ ಮೇಲೆ ಪೆಟ್ಟಿಗೆಯಲ್ಲಿ ಇಡುವುದು. ಮನುಷ್ಯ ಕಾಣದ ಹಾಗೆ ಕೊಳವೆಯಿಂದ ಊಟ ಇಳಿಸುವುದು. ಗರಿ ಬಲಿತ ಮೇಲೆ ಬಾಗಿಲು ತೆರೆಯುವುದು. ಹಾರಿ ಹೋದರೂ ಊಟ ಮಾತ್ರ ಅಲ್ಲೇ ಇಡುತ್ತಾ ಇರುವುದು. ಒಂದು ದಿನ ಅವು ತಾವೇ ಬೇಟೆ ಹಿಡಿದು ಊಟಕ್ಕೆ ಬರುವುದನ್ನು ನಿಲ್ಲಿಸುತ್ತವೆ. ಹಿಂದೆ ಹೀಗೆ ರೆಕ್ಕೆ ಗಟ್ಟಿ ಮಾಡಿಕೊಂಡ ಹಕ್ಕಿಯನ್ನು ಮತ್ತೆ ಹಿಡಿಯುತ್ತಿದ್ದರು. ಇವರು ಹಿಡಿಯಲಿಲ್ಲ, ಅಷ್ಟೇ ವ್ಯತ್ಯಾಸ. 1972ರಲ್ಲಿ ಅಮೆರಿಕ ಡಿಡಿಟಿ ನಿಲ್ಲಿಸಿತು, ಇತ್ತ ಸಾವಿರಾರು ಮರಿಗಳನ್ನು ಹೀಗೆ ಬಿಟ್ಟರು. 1999ರಲ್ಲಿ ಪೆರಿಗ್ರಿನ್ ಹೆಸರನ್ನು ಅಲ್ಲಿಯ ಅಳಿವಿನ ಪಟ್ಟಿಯಿಂದ ತೆಗೆದರು. ಮಾರಿಷಸ್ ದ್ವೀಪದ ಒಂದು ಸಣ್ಣ ಡೇಗೆ 1974ರಲ್ಲಿ ಬರೀ ನಾಲ್ಕು ಉಳಿದಿದ್ದವು, ಅದೂ ಇದೇ ದಾರಿಯಲ್ಲಿ ಉಳಿಯಿತು.

ಹಾಗಾಗಿ ನೀನು ನಾಳೆ ಮರಿಯನ್ನು ಮರಕ್ಕೆ ವಾಪಸ್ ಇಡುವುದೂ ಅದೇ ವಿದ್ಯೆಯ ಒಂದು ತುಂಡು. ಒಂದು ಬಿದಿರಿನ ಬುಟ್ಟಿ ತೆಗೆದುಕೊ, ತಳಕ್ಕೆ ನೀರು ಇಳಿಯುವ ಹಾಗೆ ತೂತು ಮಾಡು, ಒಣ ಕಡ್ಡಿ ಹಾಸು. ಹುಲ್ಲು ಬೇಡ, ಒದ್ದೆಯಾದರೆ ಬೂಸಲು ಹಿಡಿಯುತ್ತದೆ. ಅದೇ ಮರದ ಉಳಿದ ಹರೆಗೆ, ಸಾಧ್ಯವಾದಷ್ಟು ಎತ್ತರಕ್ಕೆ, ಕವಲಿನಲ್ಲಿ ಅಲ್ಲಾಡದ ಹಾಗೆ ಕಟ್ಟಿಸು. ನಿಮ್ಮಲ್ಲಿ ಕೊನೆ ಕೊಯ್ಯುವವರು ಇರುತ್ತಾರಲ್ಲ, ಅವರಿಗಿಂತ ಚೆನ್ನಾಗಿ ಮರ ಹತ್ತುವವರು ಯಾರು. ಆಮೇಲೆ ನೀನು ದೂರ ಹೋಗಿ ಕೂತು ನೋಡು. ತಾಸುಗಟ್ಟಲೆ ಬರದಿದ್ದರೂ ಗಾಬರಿ ಬೇಡ. ಸಂಜೆವರೆಗೂ ಬರದಿದ್ದರೆ ಮಾತ್ರ ಗಾರ್ಡ್‌ಗೆ ಹೇಳಿ ಇಳಿಸು.


ಮರಳುಗಾಡಿಂದ ಮಲೆನಾಡಿಗೆ ಬರೆದದ್ದು:

ರಾತ್ರಿ ಊಟಕ್ಕೆ ಹಸಿ ಕೋಳಿಯ ಕುತ್ತಿಗೆ ಭಾಗ ಸಣ್ಣಗೆ ಜಜ್ಜಿ, ಎಲುಬು ಸಮೇತ, ಉಪ್ಪು ಅರಿಶಿನ ಏನೂ ಹಾಕದೆ, ಎರಡು ಮೂರು ತುಂಡು ಇಕ್ಕಳದಲ್ಲಿ ಹಿಡಿದು ಕೊಡು. ಮುಖ ತೋರಿಸಬೇಡ, ಟವೆಲ್ ಅಡ್ಡ ಹಿಡಿದುಕೊ, ಮಾತಾಡಬೇಡ. ಗಂಟಲ ಕೆಳಗಿನ ಚೀಲ ಸ್ವಲ್ಪ ಉಬ್ಬಿದರೆ ಸಾಕು, ನಿಲ್ಲಿಸು. ಕಾಲಿಗೆ ದಾರ ಕಟ್ಟಬೇಡ.

ಮಂಗೋಲಿಯಾದ ಪಶ್ಚಿಮಕ್ಕೆ ಕಜಾಕ್ ಜನ ಹೊನ್ನಿನ ಬಣ್ಣದ ದೊಡ್ಡ ಹದ್ದುಗಳನ್ನು ಕೈಮೇಲೆ ಇಟ್ಟುಕೊಂಡು ಹಿಮದಲ್ಲಿ ನರಿ ಬೇಟೆ ಆಡುತ್ತಾರೆ. ಕೆಲವು ವರ್ಷ ಜೊತೆಗಿಟ್ಟುಕೊಂಡ ಹದ್ದನ್ನು ವಸಂತದಲ್ಲಿ ಬೆಟ್ಟಕ್ಕೆ ಬಿಟ್ಟು ಬರುವುದು ಅವರ ಸಂಪ್ರದಾಯ, ಅದೂ ಮರಿ ಮಾಡಲಿ ಅಂತ. ಅಬುಧಾಬಿಯಲ್ಲೂ 1995ರಿಂದ ಶೇಖ್ ಜಾಯೇದ್ ಹೆಸರಿನಲ್ಲಿ ಗಿಡುಗಗಳನ್ನು ಪ್ರತಿ ವರ್ಷ ಕಾಡಿಗೆ ಬಿಡುತ್ತಾರೆ. ಹಕ್ಕಿಯನ್ನು ನೋಡಿಕೊಳ್ಳುವವರಿಗೆ ಬಿಡುವುದೂ ಕೆಲಸದ ಒಂದು ಭಾಗ ತಮ್ಮಾ, ಕಷ್ಟ ಆಗುತ್ತದೆ, ಆಗಲಿ.


ತೋಟದಮನೆ ಬರೆದದ್ದು (ಮೂರು ದಿನದ ನಂತರ):

ಮೂರು ದಿನ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ತಡವಾಗಿದ್ದಕ್ಕೆ ಕ್ಷಮಿಸಿ.

ಗಾರ್ಡ್ ಹೇಳಿದ ಹೊತ್ತಿಗೇ ಬಂದರು, ಮರಿ ನೋಡಿದರು, ಬರೆದುಕೊಂಡರು, ಬುಟ್ಟಿ ಕಟ್ಟಲು ಒಪ್ಪಿದರು. ಕೊನೆ ಕೊಯ್ಯುವ ನಮ್ಮ ಅಣ್ಣ ಒಬ್ಬರು ಹತ್ತಿ ಹಳೇ ಗೂಡು ಇದ್ದ ಜಾಗದಿಂದ ಒಂದು ಆಳು ಕೆಳಗೆ ಬುಟ್ಟಿ ಬಿಗಿದರು. ಮರಿಯನ್ನು ಚೀಲದಲ್ಲಿ ಹಾಕಿ ಹಗ್ಗದಲ್ಲಿ ಮೇಲೆ ಎಳೆದುಕೊಂಡರು. ಚೀಲ ನನ್ನ ಕೈಬಿಟ್ಟು ಮೇಲೆ ಹೋಗುವಾಗ ಕಣ್ಣು ತುಂಬಿತು.

ನಾನು ಅಡಿಕೆ ಒಣಗಿಸುವ ಅಟ್ಟದ ಸಂದಿಯಿಂದ ನೋಡುತ್ತಾ ಕೂತೆ. ಹತ್ತು ಗಂಟೆಗೆ ಮರಿ ಕೂಗಲು ಶುರು ಮಾಡಿತು. ಹನ್ನೊಂದೂವರೆಗೆ ದೊಡ್ಡದೊಂದು ಬಂದು ಪಕ್ಕದ ಹಲಸಿನ ಮರದಲ್ಲಿ ಕೂತು ಹೋಯಿತು. ಬುಟ್ಟಿಯ ಹತ್ತಿರ ಬರಲಿಲ್ಲ. ಮತ್ತೆ ಬಂತು, ಮತ್ತೆ ಹೋಯಿತು. ಊಟಕ್ಕೆ ಅಮ್ಮ ಎರಡು ಸಲ ಕರೆದರು, ಏಳಲಾಗಲಿಲ್ಲ. ಎರಡು ಗಂಟೆ ದಾಟಿತ್ತು, ಹಿಂದಿನಿಂದ ಸದ್ದೇ ಇಲ್ಲದೆ ಬಂದು ನೇರ ಬುಟ್ಟಿಯ ಅಂಚಿಗೆ ಕೂತಿತು. ಕಾಲಲ್ಲಿ ಓತಿಕ್ಯಾತ, ಬಾಲ ಇನ್ನೂ ಅಲ್ಲಾಡುತ್ತಿತ್ತು. ಮರಿ ರೆಕ್ಕೆ ಎರಡೂ ಹರಡಿ ಅದರ ಮೇಲೆ ಮುಗಿಬಿತ್ತು, ಹಿಂದಿನ ರಾತ್ರಿ ನಮ್ಮ ಇಕ್ಕಳದಿಂದ ಎಷ್ಟು ಹೆದರಿ ಹೆದರಿ ತಿಂದಿತ್ತೋ ಅದೇ ಮರಿ.

ಅಂದಿನಿಂದ ದಿನಾ ಬರೆದಿಡುತ್ತಿದ್ದೇನೆ. ಎರಡನೇ ದಿನ ಐದು ಸಲ ಊಟ ಬಂತು, ಮೂರು ಓತಿಕ್ಯಾತ, ಒಂದು ಇಲಿ, ಒಂದು ಏನು ಅಂತ ಗೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ಮರಿ ಬುಟ್ಟಿಯಿಂದ ಹೊರಗೆ ಹರೆಯ ಮೇಲೆ ಕೂತಿತ್ತು, ಗಾಳಿ ಬಂದಾಗ ರೆಕ್ಕೆ ಬಿಚ್ಚಿ ಹಾಗೇ ಹಿಡಿದುಕೊಂಡಿತ್ತು. ಕೋಳಿಮರಿಗಳಿಗೆ ಮೇಲೆ ಹಳೇ ಮೀನುಬಲೆ ಕಟ್ಟಿದ್ದೇವೆ, ಈಗ ಅಜ್ಜಿಯೇ ದಿನಾ ಸಂಜೆ ಬಂತಾ ನಿನ್ನ ಹಕ್ಕಿ ಅಂತ ಕೇಳುತ್ತಾರೆ.

ಮೇಷ್ಟ್ರೇ, ಶ್ಯೇನ ವಿನೋದದ ಭಾಗ ಓದಲು ಶಿವಮೊಗ್ಗಕ್ಕೆ ಬಂದರೆ ನೀವು ಜೊತೆಗೆ ಬರುತ್ತೀರಾ? ನನಗೆ ಸಂಸ್ಕೃತ ಬರುವುದಿಲ್ಲ.


ಬಳ್ಳಿಗಾವಿ ಮೇಷ್ಟ್ರು ಬರೆದದ್ದು:

ಬಾರಪ್ಪ. ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ. ನೀನು ಬರೆದಿಟ್ಟ ಪುಸ್ತಕವನ್ನೂ ತಾ.